ಹೆಸರೇ ಕೇಳಿರದವರ ಹಾಡು

ಭಾನುವಾರ ಸಂಜೆ ಆರೂವರೆ. ಅಕ್ಟೋಬರ್ ಕೊನೆಯ ಚಳಿ ಕನಾವಾ ನದಿಯ ಮೇಲಿಂದ ಬೀಸಿ ಕಿವಿಗೆ ತಾಗುತ್ತಿದೆ, ಬೇಗ ಒಳಗೆ ನಡೆಯಿರಿ. ಪಕ್ಕದಲ್ಲಿ ಕಾಣುತ್ತಿರುವುದು ವೆಸ್ಟ್ ವರ್ಜೀನಿಯಾ ರಾಜ್ಯದ ಶಾಸನಸಭೆಯ ಭವನ. ಚಿನ್ನದ ಲೇಪದ ಗುಮ್ಮಟಕ್ಕೆ ಆಗಲೇ ದೀಪ ಹಾಕಿದ್ದಾರೆ. ಅದೇ ಅಂಗಳದಲ್ಲಿರುವ ಈ ದೊಡ್ಡ ಕಟ್ಟಡ ಕಲ್ಚರ್ ಸೆಂಟರ್. ಹಗಲಿನಲ್ಲಿ ಇಲ್ಲಿಗೆ ಶಾಲಾ ಮಕ್ಕಳು ರಾಜ್ಯದ ವಸ್ತುಸಂಗ್ರಹಾಲಯ ನೋಡಲು ಬರುತ್ತಾರೆ. ಈ ಹೊತ್ತಿನಲ್ಲಿ ಬರುವವರೆಲ್ಲ ‘ಮೌಂಟನ್ ಸ್ಟೇಜ್’ ಎಂಬ ರೇಡಿಯೊ ಸಂಗೀತ ಕಾರ್ಯಕ್ರಮ ಕೇಳಲು ಬಂದವರು.

ಅಮೃತಶಿಲೆಯ ಹಜಾರ ದಾಟಿ, ಟಿಕೆಟ್ ತೋರಿಸಿ ಒಳಗೆ ಕಾಲಿಟ್ಟರೆ ಸಭಾಂಗಣ ನೀವು ಅಂದುಕೊಂಡದ್ದಕ್ಕಿಂತ ಚಿಕ್ಕದು. ಐನೂರು ಕುರ್ಚಿಯೂ ಇಲ್ಲ. ಕೊನೆಯ ಸಾಲಿನಲ್ಲಿ ಕೂತರೂ ಹಾಡುವವರ ಹುಬ್ಬು ಗಂಟಿಕ್ಕಿದ್ದು ಕಾಣುತ್ತದೆ. ವೇದಿಕೆಯ ಮೇಲೆ ಆಗಲೇ ಪಿಯಾನೊ, ಡ್ರಮ್ಸ್, ಆಂಪ್ಲಿಫೈಯರುಗಳು ಕಾಯುತ್ತಿವೆ. ನೆಲದ ತುಂಬ ಬಣ್ಣಬಣ್ಣದ ಟೇಪಿನ ಚೂರುಗಳು: ಯಾರ ಮೈಕು ಎಲ್ಲಿ ನಿಲ್ಲಬೇಕು, ಯಾರ ಕುರ್ಚಿ ಎಲ್ಲಿ ಬರಬೇಕು ಎಂದು ಮಧ್ಯಾಹ್ನವೇ ಗುರುತು ಹಾಕಿಟ್ಟಿದ್ದಾರೆ. ಒಂದು ತಂಡ ಇಳಿದು ಇನ್ನೊಂದು ಹತ್ತುವಾಗ ತಡಕಾಡುವಂತಿಲ್ಲ. ಮೇಲೆ ನೋಡಿ. ಕೆಲವು ಮೈಕುಗಳು ವೇದಿಕೆಗೆ ಬೆನ್ನು ತಿರುಗಿಸಿ ನಿಮ್ಮ ಕಡೆಗೆ ಮುಖ ಮಾಡಿವೆ. ಅವು ನಿಮಗಾಗಿಯೇ. ನಿಮ್ಮ ಚಪ್ಪಾಳೆ, ನಗು, ತಡೆಯಲಾರದೆ ಬಂದ ಕೆಮ್ಮು ಎಲ್ಲವೂ ಮುದ್ರಣಕ್ಕೆ ಸೇರಿ, ಮುಂದೊಂದು ದಿನ ಅಮೆರಿಕದ ಇನ್ನೂರಕ್ಕೂ ಹೆಚ್ಚು ರೇಡಿಯೊ ಕೇಂದ್ರಗಳಿಂದ ಹೊರಡುತ್ತವೆ. ಈ ರಾತ್ರಿ ಬಂದವರು ಬರಿಯ ಪ್ರೇಕ್ಷಕರಲ್ಲ, ಕಾರ್ಯಕ್ರಮದ ಒಂದು ವಾದ್ಯ.

ಕೈಗೆ ಕೊಟ್ಟ ಹಾಳೆಯಲ್ಲಿ ಐದು ಹೆಸರುಗಳಿವೆ. ಕೊನೆಯ ಹೆಸರು ಗೊತ್ತು, ಅವರಿಗಾಗಿಯೇ ಟಿಕೆಟ್ ಕೊಂಡಿರಿ. ಮೇಲಿನ ನಾಲ್ಕು? ಒಂದನ್ನೂ ಕೇಳಿಲ್ಲ. ಸುತ್ತ ನೋಡಿದರೆ ನಿಮ್ಮ ಹಾಗೆಯೇ ಹಾಳೆಯನ್ನು ತಿರುವಿ ತಿರುವಿ ನೋಡುತ್ತಿರುವವರು ಹತ್ತಾರು ಮಂದಿ. ಮೌಂಟನ್ ಸ್ಟೇಜಿನ ಇಡೀ ಹಟ ಇರುವುದು ಈ ಹಾಳೆಯಲ್ಲಿ. ಗೊತ್ತಿರುವ ಒಬ್ಬರಿಗಾಗಿ ಬಂದವರನ್ನು ಗೊತ್ತಿಲ್ಲದ ನಾಲ್ವರ ಮುಂದೆ ಕೂರಿಸುವುದು. ಎಲ್ಲರಿಗೂ ಹೆಚ್ಚು ಕಡಿಮೆ ಒಂದೇ ಅಳತೆಯ ಹೊತ್ತು ಕೊಡುವುದು, ಇಪ್ಪತ್ತು ಇಪ್ಪತ್ತೈದು ನಿಮಿಷ. ಹೆಸರಾದವರಿಗೂ ಅಷ್ಟೇ, ಹಳೆಯ ವ್ಯಾನಿನಲ್ಲಿ ಗಿಟಾರ್ ಹಾಕಿಕೊಂಡು ಒಬ್ಬಳೇ ಓಡಿಸಿಕೊಂಡು ಬಂದ ಹುಡುಗಿಗೂ ಅಷ್ಟೇ.

ಪಕ್ಕದ ಕುರ್ಚಿಯಲ್ಲಿ ಕೂತ ಅಜ್ಜಿ ನಿಮ್ಮ ಮುಖ ನೋಡಿ ಹೊಸಬರೆಂದು ಕಂಡುಹಿಡಿದಿದ್ದಾರೆ. ಮಡಿಲಲ್ಲಿ ಕೈಚೀಲ, ಅದರೊಳಗಿಂದ ಪೆಪ್ಪರ್‌ಮಿಂಟ್ ತೆಗೆದು ಕೊಡುತ್ತಾರೆ. “ಈಗಲೇ ಬಾಯಿಗೆ ಹಾಕಿಕೊಳ್ಳಿ, ಶುರುವಾದ ಮೇಲೆ ಕಾಗದ ಸರಸರ ಅಂದರೆ ರೇಡಿಯೊದಲ್ಲಿ ಬರುತ್ತದೆ,” ಎಂದು ಎಚ್ಚರಿಸುತ್ತಾರೆ. ಆಮೇಲೆ ತಾನಾಗಿ 1991ರ ಏಪ್ರಿಲಿನ ಕತೆ ತೆಗೆಯುತ್ತಾರೆ. ಆರ್.ಇ.ಎಂ. ತಂಡದ ‘ಔಟ್ ಆಫ್ ಟೈಮ್’ ಆಲ್ಬಂ ಬಂದು ಇನ್ನೂ ಎರಡು ತಿಂಗಳಾಗಿರಲಿಲ್ಲ, ಲೋಕವೆಲ್ಲ ಅವರ ಹಾಡು ಗುನುಗುತ್ತಿತ್ತು. ಆದರೆ ತಂಡ ಆ ವರ್ಷ ಊರೂರು ಸುತ್ತಿ ಹಾಡುವುದಿಲ್ಲವೆಂದು ನಿರ್ಧರಿಸಿತ್ತು. ಅವರು ಹಾಡಿದ ಬೆರಳೆಣಿಕೆಯ ಕಡೆಗಳಲ್ಲಿ ಒಂದು ಈ ಚಾರ್ಲ್ಸ್‌ಟನ್, ಆಗ ಐವತ್ತು ಅರವತ್ತು ಸಾವಿರ ಜನರಿದ್ದ ಊರು. ಅದೇ ರಾತ್ರಿ ಇಂಗ್ಲೆಂಡಿನ ಬಿಲ್ಲಿ ಬ್ರ್ಯಾಗ್, ರಾಬಿನ್ ಹಿಚ್‌ಕಾಕ್ ಕೂಡ ಹಾಡಿದರು. “ನಾನು ಹೋಗಿದ್ದು ಆರ್.ಇ.ಎಂ. ನೋಡೋಕೆ. ಮನೆಗೆ ಬಂದದ್ದು ಬಿಲ್ಲಿ ಬ್ರ್ಯಾಗ್ ಕ್ಯಾಸೆಟ್ ಹಿಡಿದುಕೊಂಡು,” ಎನ್ನುತ್ತಾರೆ ಅಜ್ಜಿ. ಮೂವತ್ತು ವರ್ಷ ದಾಟಿದ ಮೇಲೂ ಆ ಮಾತು ಹೇಳುವಾಗ ಅವರ ದನಿಯಲ್ಲಿ ಬೆರಗು ಇದೆ.

ದೀಪ ಮಂಕಾಗುತ್ತದೆ.

ವೇದಿಕೆಯ ಒಂದು ಬದಿಯಿಂದ ಕಾರ್ಯಕ್ರಮದ ನಿರೂಪಕಿ ಕ್ಯಾಥಿ ಮಟೇಯಾ ನಡೆದು ಬರುತ್ತಾರೆ, ಮನೆಯ ಹಿರಿಯಕ್ಕ ಬಂದವರನ್ನು ಎದುರುಗೊಳ್ಳುವ ನಡಿಗೆ. 1983ರ ಡಿಸೆಂಬರಿನಲ್ಲಿ ಇದು ನಿಯಮಿತ ಕಾರ್ಯಕ್ರಮವಾದಂದಿನಿಂದ 2021ರವರೆಗೆ ಈ ಜಾಗದಲ್ಲಿ ನಿಲ್ಲುತ್ತಿದ್ದವರು ಲ್ಯಾರಿ ಗ್ರೋಸ್. ಟೆಕ್ಸಾಸಿನವರು; 1970ರ ದಶಕದ ಆರಂಭದಲ್ಲಿ ಶಾಲೆ ಶಾಲೆಗೆ ಹೋಗಿ ಸಂಗೀತ ಹೇಳಿಕೊಡುವ ಕೆಲಸದ ಮೇಲೆ ಈ ಗುಡ್ಡಗಾಡಿಗೆ ಬಂದು ಇಲ್ಲಿಯೇ ಉಳಿದುಬಿಟ್ಟರು. 1976ರಲ್ಲಿ ಅವರ ‘ಜಂಕ್ ಫುಡ್ ಜಂಕಿ’ ಎಂಬ ತಮಾಷೆಯ ಹಾಡು ಅಮೆರಿಕದ ಮೊದಲ ಹತ್ತರ ಪಟ್ಟಿಯಲ್ಲಿ ಕೂತಿತ್ತು. ಹಾಡು ಕಟ್ಟುವುದೆಂದರೇನು, ಒಂದೇ ಒಂದು ಹಾಡಿನಿಂದ ಹೆಸರಾಗುವುದೆಂದರೇನು ಎಂದು ಬಲ್ಲ ಮನುಷ್ಯ. ಅವರು, ನಿರ್ಮಾಪಕ ಆಂಡಿ ರೈಡನೌರ್, ಧ್ವನಿ ತಂತ್ರಜ್ಞ ಫ್ರಾನ್ಸಿಸ್ ಫಿಷರ್, ಈ ಮೂವರು ಸೇರಿ ಕಟ್ಟಿದ್ದು ಇದು. ಹೊರಗಿನವರು ಈ ರಾಜ್ಯವನ್ನು ನೆನೆಯುವುದು ಕಲ್ಲಿದ್ದಲು, ಬಡತನ, ಗಣಿ ಅಪಘಾತ ಇವುಗಳಿಂದ. ನಮ್ಮ ಕಾಲೇಜು ಹಾಸ್ಟೆಲುಗಳಲ್ಲಿ ಗಿಟಾರ್ ಹಿಡಿದವರೆಲ್ಲ ಹಾಡುವ ‘ಕಂಟ್ರಿ ರೋಡ್ಸ್’ನಿಂದ ನಾವೂ ಈ ಹೆಸರನ್ನು ಬಲ್ಲೆವು, ಅದಕ್ಕಿಂತ ಹೆಚ್ಚಿಲ್ಲ. ಇಂಥ ಊರಿಗೆ ನ್ಯೂಯಾರ್ಕ್, ಲಂಡನ್ನಿನ ಹಾಡುಗಾರರನ್ನು ಕರೆಸಿ, ಇಲ್ಲಿಂದ ದೇಶಕ್ಕೆ ಕೇಳಿಸುತ್ತೇವೆ ಎನ್ನುವುದಕ್ಕೆ ಎದೆ ಬೇಕು.

ಕ್ಯಾಥಿ ಇದೇ ಕಣಿವೆಯ ಮಗಳು. ಹುಟ್ಟಿದ್ದು ಸೌತ್ ಚಾರ್ಲ್ಸ್‌ಟನ್ನಿನಲ್ಲಿ, ಬೆಳೆದದ್ದು ಕ್ರಾಸ್ ಲೇನ್ಸ್ ಎಂಬಲ್ಲಿ. ಓದು ಅರ್ಧಕ್ಕೆ ಬಿಟ್ಟು ನ್ಯಾಷ್‌ವಿಲ್‌ಗೆ ಹೋಗಿ, ಅಲ್ಲಿನ ಕಂಟ್ರಿ ಸಂಗೀತ ಮ್ಯೂಸಿಯಮ್ಮಿನಲ್ಲಿ ಬಂದವರಿಗೆ ಜಾಗ ತೋರಿಸುವ ಗೈಡ್ ಆಗಿದ್ದವರು, ಮುಂದೆ ಅದೇ ಸಂಗೀತದ ತಾರೆಯಾದರು. ಅವರ ಹೆಗ್ಗಳಿಕೆ ಕಂಠದ್ದಷ್ಟೇ ಅಲ್ಲ, ಕಿವಿಯದು. ಇನ್ನೂ ಹೆಸರಾಗದ ಹಾಡುಕಟ್ಟುಗರ ಹಾಡನ್ನು ಹುಡುಕಿ ಹಾಡುವುದು. 1986ರಲ್ಲಿ ಅವರನ್ನು ಮೇಲಕ್ಕೆತ್ತಿದ್ದು ನ್ಯಾನ್ಸಿ ಗ್ರಿಫಿತ್ ಬರೆದ ಹಾಡು. ಗ್ರ್ಯಾಮಿ ತಂದುಕೊಟ್ಟದ್ದು ಪತಿ ಜಾನ್ ವೆಜ್ನರ್ ಮತ್ತು ಡಾನ್ ಹೆನ್ರಿ ಸೇರಿ ಬರೆದ ‘ವೇರ್‌ವ್ ಯು ಬಿನ್’. ಆಸ್ಪತ್ರೆಯಲ್ಲಿ ಮಲಗಿ ಯಾರ ಗುರುತೂ ಹಿಡಿಯದಂತಾಗಿದ್ದ ಜಾನ್ ಅವರ ಅಜ್ಜಿ, ಅದೇ ಆಸ್ಪತ್ರೆಯ ಇನ್ನೊಂದು ಕೋಣೆಯಲ್ಲಿದ್ದ ಅಜ್ಜನನ್ನು ಕರೆತಂದಾಗ ಮಾತಾಡಿದ ನಿಜ ಪ್ರಸಂಗ ಅದು. ಮನೆಯೊಳಗೆ ನಡೆದದ್ದು ಹಾಗೆಯೇ ಹಾಡಾಗಿ ಹೊರಬಂತು. ಅಂಥ ಹಾಡನ್ನು ಬಾಳಿದವರೇ ಈಗ ಬೇರೆಯವರ ಹಾಡಿಗೆ ಬಾಗಿಲು ತೆರೆಯುತ್ತಿದ್ದಾರೆ.

ಮೊದಲ ತಂಡ ಪಿಟೀಲು, ಬ್ಯಾಂಜೊ, ಗಿಟಾರಿನದು. ಚುರುಕಾಗಿ ಬಾರಿಸುತ್ತಾರೆ, ನಗಿಸುತ್ತಾರೆ, ಚಳಿಯಲ್ಲಿ ಬಂದವರ ಕೈಕಾಲು ಬೆಚ್ಚಗಾಗುತ್ತದೆ. ಅವರ ಕೆಲಸವೂ ಅದೇ, ಅದನ್ನು ಚೆನ್ನಾಗಿ ಮಾಡಿ ಇಳಿಯುತ್ತಾರೆ.

ಎರಡನೆಯವಳು ಒಬ್ಬಳೇ. ಇಪ್ಪತ್ತೈದರ ಆಸುಪಾಸು, ಗಿಡ್ಡ ಕೂದಲು, ಅಂಗಿಯ ತೋಳು ಮಡಚಿದ್ದಾಳೆ. ಬಂದವಳೇ ಮಾತಾಡದೆ ಗಿಟಾರಿನ ಬಿರಡೆಗೆ ಕೈ ಹಾಕುತ್ತಾಳೆ. ದಪ್ಪ ತಂತಿಯನ್ನು ಇಳಿಸುತ್ತಾಳೆ, ಇನ್ನೂ ಸ್ವಲ್ಪ ಇಳಿಸುತ್ತಾಳೆ, ಪಕ್ಕದ್ದನ್ನೂ ಇಳಿಸುತ್ತಾಳೆ. ಗಿಟಾರಿನ ತಲೆಗೆ ಕಚ್ಚಿಸಿದ ಪುಟ್ಟ ಯಂತ್ರದಲ್ಲಿ ಕೆಂಪು ಬೆಳಕು ಅತ್ತಿತ್ತ ಓಲಾಡಿ ಹಸಿರಾಗಿ ನಿಲ್ಲುತ್ತದೆ. ಹಸಿರಾದ ಮೇಲೂ ಅವಳಿಗೆ ಸಮಾಧಾನವಿಲ್ಲ. ಕಿವಿಯನ್ನು ಮರಕ್ಕೆ ತಾಗುವಷ್ಟು ಬಾಗಿಸಿ, ಬಿರಡೆಯನ್ನು ಕೂದಲೆಳೆಯಷ್ಟು ತಿರುಗಿಸುತ್ತಾಳೆ. ಯಂತ್ರಕ್ಕೆ ಸರಿಯಾದದ್ದು ಅವಳ ಹಾಡಿಗೆ ಸರಿಯಾಗಿಲ್ಲ. ರೇಡಿಯೊದವರು ಈ ಮೌನವನ್ನು ಆಮೇಲೆ ಕತ್ತರಿಸಿಬಿಡಬಹುದು. ಸಭಾಂಗಣದಲ್ಲಿ ಕೂತ ನಿಮಗೆ ಮಾತ್ರ ಇದು ಸಿಗುತ್ತದೆ, ಬಿಡಬೇಡಿ.

ನುಡಿಸಲು ಶುರು ಮಾಡುತ್ತಾಳೆ. ಹೆಬ್ಬೆರಳು ಮಂದ್ರದ ತಂತಿಯಲ್ಲಿ, ಉಳಿದ ಬೆರಳು ಮೇಲೆ. ಮೊದಲಿಗೆ ಏನೋ ಎಡವಿದಂತೆ ಕೇಳಿಸುತ್ತದೆ. ತಾಳ ಹಾಕಲು ಹೊರಟ ಕಾಲು ಗೊಂದಲಗೊಂಡು ನಿಂತುಬಿಡುತ್ತದೆ. ಸುತ್ತಲಿನವರೂ ಹಾಗೆಯೇ, ತಲೆ ತೂಗಲು ಹೋಗಿ ತಪ್ಪಿ ಸುಮ್ಮನಾಗುತ್ತಾರೆ. ಅಷ್ಟರಲ್ಲಿ ನಿಮ್ಮ ಬಲಗೈ ನಿಮ್ಮನ್ನು ಕೇಳದೆಯೇ ತೊಡೆಯ ಮೇಲೆ ಬೀಳತೊಡಗಿದೆ. ತಕ ತಕಿಟ, ತಕ ತಕಿಟ. ಖಂಡ ಚಾಪು! ಐದರ ನಡೆಯಲ್ಲಿ ಹಾಡುತ್ತಿದ್ದಾಳೆ ಈ ಹುಡುಗಿ. ಚಿಕ್ಕಂದಿನಲ್ಲಿ ಸಂಗೀತದ ಮೇಷ್ಟರ ಮುಂದೆ ತೊಡೆ ಕೆಂಪಾಗುವಂತೆ ಹಾಕಿದ ತಾಳ ಅಪ್ಪಲೇಶಿಯನ್ ಬೆಟ್ಟಗಳ ನಡುವೆ ಕೈಗೆ ಬಂದಿದೆ.

ಹಾಡು ಅವಳ ತಾಯಿಯ ಕುರಿತು. ರಾತ್ರಿ ಪಾಳಿ ಮುಗಿಸಿ ಪೆಟ್ರೋಲ್ ಬಂಕಿನ ಅಂಗಡಿಗೆ ಬೀಗ ಹಾಕಿ ಮನೆಗೆ ಹೊರಟ ಹೆಂಗಸು. ಪಲ್ಲವಿ ಇಲ್ಲ. ತಿರುಗಿ ಬಂದು ನಿಲ್ಲುವ ಸಾಲು ಒಂದೂ ಇಲ್ಲ. ದಾರಿ ಹೇಗೋ ಹಾಡೂ ಹಾಗೆಯೇ ಮುಂದಕ್ಕೆ ಹೋಗುತ್ತದೆ. ತಾಯಿ ದಣಿದಿದ್ದಾಳೆ ಎಂದು ಒಮ್ಮೆಯೂ ಹೇಳುವುದಿಲ್ಲ. ಯಾವ ಜೇಬಿನಲ್ಲಿ ಯಾವ ಬೀಗದ ಕೈ ಇದೆ, ಕಾರಿನ ಯಾವ ಬಾಗಿಲು ಒಳಗಿನಿಂದ ಮಾತ್ರ ತೆರೆಯುತ್ತದೆ, ಫ್ರಿಜ್ಜಿನೊಳಗೆ ಮಗಳು ಮುಚ್ಚಿಟ್ಟ ತಟ್ಟೆ ಯಾವ ಹಲಗೆಯಲ್ಲಿದೆ, ಇದಿಷ್ಟೇ. ಏಳು ನಿಮಿಷವಾದರೂ ಯಾರೂ ಅಲುಗುವುದಿಲ್ಲ. ಸಾಹಸ ಎಂದರೆ ಕೂಗುವುದು, ಕುಣಿಯುವುದು, ವಿಚಿತ್ರ ವೇಷ ಎಂದುಕೊಂಡವರು ಈ ಹಾಡನ್ನು ಕೇಳಬೇಕು. ಜನ ಹೆಸರೇ ಕೇಳಿರದ ಒಬ್ಬಳು, ಪಲ್ಲವಿಯ ಆಸರೆಯಿಲ್ಲದೆ, ಕಾಲಿಗೆ ಸಿಗದ ತಾಳದಲ್ಲಿ ಏಳು ನಿಮಿಷ ಹಾಡುತ್ತಾಳೆ, ತಾಯಿಯ ಜೇಬಿನ ಲೆಕ್ಕ ಕೊಡುತ್ತಾಳೆ. ಇದಕ್ಕಿಂತ ದೊಡ್ಡ ಎದೆಗಾರಿಕೆ ಯಾವುದು?

ನಮ್ಮಲ್ಲಿ ಸುಗಮ ಸಂಗೀತ ಬೆಳೆದದ್ದು ಆಕಾಶವಾಣಿಯ ಆಸರೆಯಲ್ಲಿ. ಅಲ್ಲಿ ಹೆಚ್ಚಾಗಿ ಕವಿ ಒಬ್ಬರು, ರಾಗ ಹಾಕುವವರು ಒಬ್ಬರು, ಹಾಡುವವರು ಇನ್ನೊಬ್ಬರು; ರಾಗ ಹಾಕಿದವರೇ ಹಾಡುವುದೂ ಉಂಟು. ಇಂಥ ಕೂಟದಿಂದ ಕಾಳಿಂಗರಾಯರ, ಅನಂತಸ್ವಾಮಿಯವರ, ಅಶ್ವತ್ಥರ ಕಂಠದಲ್ಲಿ ಕವಿತೆ ಮನೆಮನೆಗೆ ಬಂತು. ಅದು ಕನ್ನಡದ ಭಾಗ್ಯ. ಈ ವೇದಿಕೆಯಲ್ಲಿ ಮೂವರ ಕೆಲಸವೂ ಒಬ್ಬರದೇ. ತಾನೇ ಕಟ್ಟಿ ತಾನೇ ಹಾಡುವುದು ನಮಗೆ ಅಪರಿಚಿತವಲ್ಲ, ದಾಸರು, ಶಿಶುನಾಳ ಷರೀಫರು ಮಾಡಿದ್ದು ಅದನ್ನೇ. ಹಾಗೆ ಹಾಡುವವರ ದನಿಯಲ್ಲಿ ಒಂದು ಬಗೆಯ ಹೊಣೆ ಕೇಳಿಸುತ್ತದೆ. ಮಾತು ತಪ್ಪಿದರೆ ಕವಿಯ ಮೇಲೆ, ರಾಗ ಕೆಟ್ಟರೆ ಸಂಯೋಜಕರ ಮೇಲೆ ಹಾಕುವಂತಿಲ್ಲ.

ಚಪ್ಪಾಳೆ ನಿಲ್ಲುವ ಮೊದಲೇ ಕಪ್ಪು ಬಟ್ಟೆಯ ನಾಲ್ಕೈದು ಜನ ವೇದಿಕೆಗೆ ನುಗ್ಗುತ್ತಾರೆ. ಒಬ್ಬಳು ಗಿಟಾರಿನ ವೈರ್ ಸುತ್ತುತ್ತಾಳೆ, ಒಬ್ಬ ಮೈಕಿನ ಕೋಲನ್ನು ನೀಲಿ ಟೇಪಿನಿಂದ ಹಳದಿ ಟೇಪಿಗೆ ಸರಿಸುತ್ತಾನೆ. ಒಂದೊಂದು ಮೈಕಿನ ದನಿಯೂ ಇಬ್ಭಾಗವಾಗಿ ಹೋಗುತ್ತದೆ. ಒಂದು ಪಾಲು ಸಭಾಂಗಣದ ಸ್ಪೀಕರುಗಳಿಗೆ, ಇನ್ನೊಂದು ಪಾಲು ರೇಡಿಯೊ ಮುದ್ರಣಕ್ಕೆ. ಇಲ್ಲಿ ಕೂತವರಿಗೆ ಡ್ರಮ್ಸಿನ ಸದ್ದು ನೇರವಾಗಿಯೇ ಕೇಳುತ್ತದೆ, ಮೈಕು ಅಷ್ಟಾಗಿ ಬೇಡ. ಮುಂದೊಂದು ದಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಕೇಳುವವರಿಗೆ ಅದೇ ಡ್ರಮ್ಸ್ ಬೇರೆ ಅಳತೆಯಲ್ಲಿ ಬೇಕು. ಅದಕ್ಕೇ ಎರಡು ಕಡೆ ಎರಡು ಜೊತೆ ಕಿವಿಗಳು ಕೆಲಸ ಮಾಡುತ್ತಿವೆ.

ಈ ಕೆಲಸಕ್ಕೆಲ್ಲ ಹಣ ಬೇಕು. ಅದು ಬರುವುದು ಟಿಕೆಟ್ಟಿನಿಂದ, ಕೇಳುಗರ ದೇಣಿಗೆಯಿಂದ, ಪ್ರಾಯೋಜಕರಿಂದ, ಸಾರ್ವಜನಿಕ ಬಾನುಲಿಗೆ ಸಿಗುವ ನೆರವಿನಿಂದ. 2017ರಲ್ಲಿ ಆಗಿನ ಗವರ್ನರ್ ಜಿಮ್ ಜಸ್ಟಿಸ್ ತಮ್ಮ ಬಜೆಟ್ಟಿನಲ್ಲಿ, ಈ ಕಾರ್ಯಕ್ರಮದ ತವರಾದ ವೆಸ್ಟ್ ವರ್ಜೀನಿಯಾ ಸಾರ್ವಜನಿಕ ಪ್ರಸಾರ ಸಂಸ್ಥೆಗೆ ರಾಜ್ಯ ಕೊಡುವ ಹಣವನ್ನು ಪೂರ್ತಿ ನಿಲ್ಲಿಸುವ ಪ್ರಸ್ತಾವ ಇಟ್ಟಿದ್ದರು. ಕೇಳುಗರು ಸುಮ್ಮನಿರಲಿಲ್ಲ. 2025ರ ಜುಲೈನಲ್ಲಿ ಅಮೆರಿಕದ ಸಂಸತ್ತು ಸಾರ್ವಜನಿಕ ಪ್ರಸಾರಕ್ಕೆ ಎರಡು ವರ್ಷಕ್ಕೆಂದು ತೆಗೆದಿಟ್ಟಿದ್ದ ಸುಮಾರು 110 ಕೋಟಿ ಡಾಲರ್ ಅನ್ನು ಹಿಂದಕ್ಕೆ ಪಡೆಯಿತು. ದೊಡ್ಡ ನಗರದ ಕೇಂದ್ರಗಳಿಗೆ ದಾನಿಗಳು ಸಿಗಬಹುದು. ಪೆಟ್ಟು ಬೀಳುವುದು ಇಂಥ ಗುಡ್ಡಗಾಡಿನ ಕೇಂದ್ರಗಳಿಗೆ. ಮಾರುಕಟ್ಟೆ ತಾನಾಗಿ ಈ ಹುಡುಗಿಯ ಏಳು ನಿಮಿಷದ ಹಾಡನ್ನು ಎಂದೂ ಪ್ರಸಾರ ಮಾಡುವುದಿಲ್ಲ. ಯಾರಾದರೂ ಇದು ಬೇಕು ಎಂದು ಹಣ ಕೊಡಲೇಬೇಕು. ಸರ್ಕಾರ ಕೊಟ್ಟರೂ ಅದು ಸರಿಯಾದ ಖರ್ಚು ಎಂಬುದು ನನ್ನ ನಂಬಿಕೆ.

ಮೂರನೆಯವನು ಚೆಲ್ಲೊ ವಾದಕ. ಕಾಲಡಿಯ ಪೆಡಲ್ ಒತ್ತಿ ತನ್ನದೇ ನುಡಿಸಾಣಿಕೆಯನ್ನು ಮುದ್ರಿಸಿಕೊಂಡು, ಅದರ ಮೇಲೆ ಇನ್ನೊಂದು ಎಳೆ, ಮತ್ತೊಂದು ಎಳೆ ಹೇರುತ್ತ ಹೋಗುತ್ತಾನೆ. ತಂತ್ರ ಜಾಣತನದ್ದು, ಆದರೆ ನನಗೆ ಹಾಡು ಸಿಗಲಿಲ್ಲ. ಮುಂದಿನ ಸಾಲಿನ ಹುಡುಗನೊಬ್ಬ ಬಾಯಿ ತೆರೆದುಕೊಂಡು ಕೇಳುತ್ತಿದ್ದಾನೆ. ಅವನಿಗೆ ಈ ರಾತ್ರಿಯ ಹಾಡುಗಾರ ಇವನೇ. ಐದು ಜನರನ್ನು ಕರೆಸುವುದರ ಲಾಭ ಇದು, ಒಬ್ಬರು ನಿಮ್ಮವರಾಗದಿದ್ದರೆ ಇನ್ನೊಬ್ಬರ ಪಾಲಾಗುತ್ತಾರೆ.

ನಡುವೆ ಪಿಯಾನೊ. ಬಾಬ್ ಥಾಂಪ್ಸನ್ ನ್ಯೂಯಾರ್ಕಿನಲ್ಲಿ ಬೆಳೆದು ಓದಲು ಇಲ್ಲಿಗೆ ಬಂದು ನೆಲೆನಿಂತ ಜಾಸ್ ವಾದಕರು. 1990ರ ದಶಕದಿಂದ ಈ ಕಾರ್ಯಕ್ರಮದ ಪಿಯಾನೊ ಅವರದು. ಹಾಡುಗಳ ಮಧ್ಯೆ ಅವರಿಗೆಂದೇ ಮೀಸಲಾದ ಕೆಲವು ನಿಮಿಷ, ಮಾತಿಲ್ಲದ ಸಂಗೀತ. ಮೂವರ ಮಾತು ಕೇಳಿ ತುಂಬಿದ ಕಿವಿಗೆ ಜಾಗ ಮಾಡಿಕೊಡುತ್ತದೆ. ಅಜ್ಜಿ ಕಣ್ಣು ಮುಚ್ಚಿದ್ದಾರೆ, ಬೆರಳುಗಳು ಮಾತ್ರ ಕೈಚೀಲದ ಮೇಲೆ ಆಡುತ್ತಿವೆ.

ನಾಲ್ಕನೆಯವರು ನಿಧಾನಕ್ಕೆ ಬರುತ್ತಾರೆ. ಎಪ್ಪತ್ತು ದಾಟಿರಬೇಕು. ಕುರ್ಚಿ ಬೇಕೆಂದು ಮೊದಲೇ ಹೇಳಿದ್ದಾರೆ, ಹಳದಿ ಟೇಪಿನ ಮೇಲೆ ಅದು ಕಾಯುತ್ತಿದೆ. ರಾಜ್ಯದ ದಕ್ಷಿಣದ ಗಣಿ ಜಿಲ್ಲೆಯವರು. ಕೂತು, ಗಿಟಾರನ್ನು ತೊಡೆಗೇರಿಸಿ, ಒಂದೆರಡು ಉಸಿರು ತೆಗೆದುಕೊಂಡು ಹೇಳುತ್ತಾರೆ: “ಈ ಹಾಡು ನಾನು ಬರೆದದ್ದಲ್ಲ, ತುಂಬಿಸಿದ್ದು.” ಜನಕ್ಕೆ ಅರ್ಥವಾಗುವುದಿಲ್ಲ. ಹಾಡು ಶುರುವಾದಾಗ ಗೊತ್ತಾಗುತ್ತದೆ, ಅದೊಂದು ಅರ್ಜಿ. ಕಲ್ಲಿದ್ದಲ ಧೂಳು ಕುಡಿದು ಶ್ವಾಸಕೋಶ ಕರಿಗಟ್ಟಿದ ಕಾರ್ಮಿಕರಿಗೆ ಪರಿಹಾರ ಕೊಡಬೇಕೆಂದು 1969ರ ಗಣಿ ಸುರಕ್ಷತಾ ಕಾಯ್ದೆ ಹೇಳಿತು. ಕಾಯ್ದೆ ಬಂದ ಮೇಲೆ ಅರ್ಜಿ ಬಂತು, ಅರ್ಜಿಯ ಜೊತೆ ಚೌಕಗಳು ಬಂದವು. ಇವರು ಒಂದೊಂದೇ ಚೌಕವನ್ನು ಹಾಡುತ್ತಾರೆ. ಹೆಸರು. ತಂದೆಯ ಹೆಸರು. ಎಷ್ಟು ವರ್ಷ ನೆಲದಡಿ. ಎಷ್ಟು ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತದೆ. ಇದಕ್ಕೆ ಸಾಕ್ಷಿ ಯಾರು.

ಮೊದಲು ನಗು. ಸರ್ಕಾರಿ ಕಾಗದದ ಗೋಳು ಯಾರಿಗೆ ಗೊತ್ತಿಲ್ಲ, ನೀವೂ ನಗುತ್ತೀರಿ. ಎರಡನೆಯ ಹಾಳೆಗೆ ಬರುವಾಗ ನಗು ತೆಳ್ಳಗಾಗುತ್ತದೆ. ಮೆಟ್ಟಿಲಿನ ಪ್ರಶ್ನೆ ಬಂದಾಗ ಹಾಡುವವರ ಉಸಿರೇ ಅರ್ಧಕ್ಕೆ ನಿಲ್ಲುತ್ತದೆ, ಸಾಲಿನ ಕೊನೆ ಗಿಟಾರಿಗೆ ಬಿಟ್ಟದ್ದು. ಅದು ನಟನೆಯೋ ನಿಜವೋ ಎಂದು ಒಂದು ಗಳಿಗೆ ತಿಳಿಯದೆ ಇಡೀ ಸಭಾಂಗಣ ಮುಂದಕ್ಕೆ ಬಾಗುತ್ತದೆ. ಅವರು ಮತ್ತೆ ದನಿ ಹಿಡಿದು, ಅದೇ ಲಯದಲ್ಲಿ, ಸಾಕ್ಷಿಗಳ ಹೆಸರು ಹೇಳುತ್ತಾರೆ. ಪ್ರತಿ ಹೆಸರಿನ ಮುಂದೆ ಒಂದೇ ಷರಾ: ದಿವಂಗತ. ನಿಮ್ಮ ಕಡೆ ಮುಖ ಮಾಡಿದ್ದ ಆ ಮೈಕುಗಳಿಗೆ ಈ ನಗು ಸಿಕ್ಕಿದೆ, ನಗು ನಿಂತದ್ದೂ ಸಿಕ್ಕಿದೆ. ಎಲ್ಲೋ ಕಾರು ಓಡಿಸುತ್ತ ಕೇಳುವವರಿಗೂ ಅದೇ ಜಾಗದಲ್ಲಿ ನಗು ನಿಲ್ಲುತ್ತದೆ.

ಹಾಡು ಮುಗಿದ ಮೇಲೆ ಮಾತಿಗೆ ಬರುವ ಕ್ಯಾಥಿ ಮಟೇಯಾರನ್ನು ಗಮನಿಸಿ. ಅವರ ಇಬ್ಬರು ಅಜ್ಜಂದಿರೂ ಗಣಿ ಕಾರ್ಮಿಕರು. 2006ರ ಜನವರಿಯಲ್ಲಿ ಈ ರಾಜ್ಯದ ಸಾಗೊ ಗಣಿಯಲ್ಲಿ ಸ್ಫೋಟವಾಗಿ 12 ಮಂದಿ ಸತ್ತಾಗ ಕಲಕಿದ ಮನಸ್ಸು, 2008ರಲ್ಲಿ ‘ಕೋಲ್’ ಎಂಬ ಆಲ್ಬಂ ಆಗಿ ಹೊರಬಂತು. ಅದರ ತುಂಬ ಗಣಿಗಾರರ ಹಾಡು. ಕೊನೆಯಲ್ಲಿ ಹೇಜ಼ಲ್ ಡಿಕೆನ್ಸ್ ಅವರ ‘ಬ್ಲ್ಯಾಕ್ ಲಂಗ್’ ಇದೆ. ಹೇಜ಼ಲ್ ಇದೇ ರಾಜ್ಯದ ಗಣಿ ಕುಟುಂಬದವರು, ಇದೇ ಕಾಯಿಲೆಗೆ ಬಲಿಯಾದ ಅಣ್ಣನಿಗಾಗಿ ಕಟ್ಟಿದ ಹಾಡು ಅದು. ಆ ಹಾಡು ಮತ್ತು ಈ ಅರ್ಜಿಯ ಹಾಡು ಒಂದೇ ಮನೆತನದವು. ಒಂದು ಸಾವಿನ ಎದುರು ನಿಂತು ದನಿಯೆತ್ತುತ್ತದೆ. ಇನ್ನೊಂದು ಕಚೇರಿಯ ಕಿಟಕಿಯ ಎದುರು ಪೆನ್ನು ಹಿಡಿದು ನಿಂತಿದೆ.

ಐದನೆಯ ತಂಡ ನಿಮಗೆ ಗೊತ್ತಿರುವುದೇ. ಹಾಳೆಯ ಕೊನೆಯ ಹೆಸರು. ಚೆನ್ನಾಗಿ ಹಾಡುತ್ತಾರೆ, ರೆಕಾರ್ಡಿನಲ್ಲಿ ಕೇಳಿದ್ದಕ್ಕಿಂತ ಚೆನ್ನಾಗಿಯೇ. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ, ನೀವೂ ತಟ್ಟುತ್ತೀರಿ. ಆದರೆ ಕಿವಿಯೊಳಗೆ ಇನ್ನೂ ಮೆಟ್ಟಿಲಿನ ಪ್ರಶ್ನೆ, ಬೀಗದ ಕೈ, ತಕ ತಕಿಟ.

ಕೊನೆಗೆ ಇಲ್ಲಿನ ವಾಡಿಕೆಯಂತೆ ಎಲ್ಲರೂ ಒಟ್ಟಿಗೆ ಬರುತ್ತಾರೆ. ಪಿಟೀಲಿನವನು, ಗಿಡ್ಡ ಕೂದಲಿನ ಹುಡುಗಿ, ಚೆಲ್ಲೊ ವಾದಕ, ಹೆಸರಾದ ತಂಡ, ಮನೆಯ ವಾದ್ಯವೃಂದ, ನಡುವೆ ಕ್ಯಾಥಿ. ಕುರ್ಚಿಯನ್ನು ಮತ್ತೆ ತಂದಿಟ್ಟಿದ್ದಾರೆ, ಹಿರಿಯರು ಅದರಲ್ಲಿ ಕೂತಿದ್ದಾರೆ. ಒಂದು ಹಳೆಯ ಹಾಡು, ಚರಣಕ್ಕೊಬ್ಬರು. ತಾಲೀಮು ಇಲ್ಲದ್ದು ಗೊತ್ತಾಗುತ್ತದೆ: ಯಾರ ಸರದಿ ಎಂದು ಕಣ್ಣಲ್ಲೇ ಕೇಳಿಕೊಳ್ಳುತ್ತಾರೆ, ಒಬ್ಬರು ಮಾತು ಮರೆತರೆ ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. ಹಿರಿಯರ ಚರಣ ಬಂದಾಗ ಉಸಿರು ಸಾಲದಿದ್ದರೆಂದು ಹುಡುಗಿ ಅವರ ಪಕ್ಕ ಮಂಡಿಯೂರಿ ಕೂತು ಮೆಲುದನಿಯಲ್ಲಿ ಜೊತೆ ಕೊಡುತ್ತಾಳೆ. ಉಸಿರು ಸಾಕಾಗುತ್ತದೆ. ಅವರು ಅವಳ ಕಡೆ ತಿರುಗಿ ಹುಬ್ಬೇರಿಸುತ್ತಾರೆ, ಅವಳು ನಕ್ಕುಬಿಡುತ್ತಾಳೆ, ಆ ನಗುವೂ ಮೈಕಿಗೆ ಸಿಗುತ್ತದೆ. ಈಗ ಸಭಾಂಗಣವೇ ಹಾಡುತ್ತಿದೆ. ಅಜ್ಜಿಯ ದನಿ ನೀವು ಎಣಿಸಿದ್ದಕ್ಕಿಂತ ಗಟ್ಟಿ.

ಹಜಾರದಲ್ಲಿ ಮೇಜುಗಳ ಮೇಲೆ ಸಿ.ಡಿ., ಎಲ್‌.ಪಿ. ರೆಕಾರ್ಡು, ಟೀ ಶರ್ಟುಗಳನ್ನು ಹರಡಿದ್ದಾರೆ. ಹೆಸರಾದ ತಂಡದ ಮುಂದೆ ಸಾಲು ಬಾಗಿಲವರೆಗೆ ಇದೆ. ಹುಡುಗಿಯ ಮೇಜಿನ ಮುಂದೆಯೂ ಸಾಲು ಇದೆ, ಅವಳೇ ನಂಬದಷ್ಟು. ನಿಮ್ಮ ಸರದಿ ಬಂದಾಗ ಕೇಳಿಬಿಡುತ್ತೀರಿ, ಐದರ ನಡೆ ಎಲ್ಲಿ ಕಲಿತಿರಿ ಎಂದು.

“ಕಲಿಯಲಿಲ್ಲ,” ಎನ್ನುತ್ತಾಳೆ. “ಮೊದಲು ನಾಲ್ಕರಲ್ಲೇ ಇತ್ತು. ಅಮ್ಮನ ಕಾರಿನ ಬಾಗಿಲಿನ ಸಾಲು ಒಂದು ಏಟು ಉದ್ದವಾಯಿತು. ಒಂದು ಮಾತು ತೆಗೆದಿದ್ದರೆ ಸರಿಹೋಗುತ್ತಿತ್ತು. ಆದರೆ ಯಾವ ಮಾತು ತೆಗೆದರೂ ಅದು ನಮ್ಮ ಕಾರಿನ ಬಾಗಿಲಾಗಿ ಉಳಿಯುತ್ತಿರಲಿಲ್ಲ. ಅದಕ್ಕೇ ಉಳಿದ ಸಾಲನ್ನೆಲ್ಲ ಅದರಷ್ಟಕ್ಕೇ ಎಳೆದೆ.”

ನಮ್ಮಲ್ಲಿ ಇದನ್ನು ಎಣಿಸಲು ಬೇರೆ ದಾರಿಯಿದೆ ಎಂದು ನೀವು ಮೇಜಿನ ಅಂಚಿನ ಮೇಲೆ ತಟ್ಟಿ ತೋರಿಸುತ್ತೀರಿ: ತಕ ತಕಿಟ. ಅವಳು ಸಹಿ ಮಾಡುತ್ತಿದ್ದ ಪೆನ್ನು ಕೆಳಗಿಟ್ಟು, ಇನ್ನೊಮ್ಮೆ ಎನ್ನುತ್ತಾಳೆ. ಎರಡನೆಯ ಸಲಕ್ಕೆ ಅವಳ ಕೈಯೂ ಸೇರುತ್ತದೆ, ಮೂರನೆಯ ಸಲಕ್ಕೆ ಅವಳೇ ಮುಂದೆ. ಹಿಂದೆ ನಿಂತವರು ಸಾಲು ಮುಂದಕ್ಕೆ ಹೋಗಲಿ ಎಂದು ಗೊಣಗುವ ಬದಲು ಇದೇನೆಂದು ಇಣುಕುತ್ತಿದ್ದಾರೆ. ಅವಳು ನಿಮ್ಮ ಕೈಯಿಂದ ಹಾಳೆ ಕಸಿದುಕೊಂಡು, ಹಿಂಬದಿಯಲ್ಲಿ ಆ ಐದು ಅಕ್ಷರಗಳನ್ನು ಇಂಗ್ಲಿಷಿನಲ್ಲಿ ಬರೆದುಕೊಡಿ ಎಂದು ಪೆನ್ನು ಚಾಚುತ್ತಾಳೆ.